ಹೇಳದೆ ಕೇಳದೆ ತಪಾಸಣೆ

"ಈ ಸಲ ರಜೆಗೆ ಮಂಜಿನ ಬೆಟ್ಟಕ್ಕೆ ಹೋಗೋಣ ಕಣ್ರೀ, ಸ್ಕೀ ಆಡೋಣ" ಎಂದು ಹೆಂಡತಿ ಹೇಳಿದಾಗ ಇನ್ಸ್‌ಪೆಕ್ಟರನಿಗೆ ಖುಷಿಯೂ ಆಗಲಿಲ್ಲ, ಚಳಿಯ ನೆನಪೂ ಆಗಲಿಲ್ಲ. ಇದರಲ್ಲಿ ಏನೋ ಇದೆ ಅನ್ನಿಸಿತು. ಯಾಕೆಂದರೆ ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ. ಬೆರಳಿಗೆ ಅಂಟಿದ್ದ ಗೋಂದನ್ನು ಉಗುರಿನಿಂದ ಕೆರೆಯುತ್ತಾ ವಾಷಿಂಗ್ ಮಷೀನಿನ ಕಡೆ ನೋಡಿಕೊಂಡು ಹೇಳಿದಳು. ಕರೆದದ್ದು ಗಂಡನನ್ನೋ ಮಷೀನನ್ನೋ ಗೊತ್ತಾಗುವಂತಿರಲಿಲ್ಲ.

ಇವನೇನು ಪೊಲೀಸ್ ಇನ್ಸ್‌ಪೆಕ್ಟರನಲ್ಲ. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ತಪಾಸಣೆ ಮಾಡುವವನು. ಲಿಫ್ಟಿನ ನೆತ್ತಿಯ ಮೇಲೆ ಹತ್ತಿ ಕೂತು, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಉಕ್ಕಿನ ಹಗ್ಗವನ್ನು ಚಿಂದಿ ಬಟ್ಟೆಯಿಂದ ಸವರುತ್ತಾ ಹೋಗುವುದು ಅವನ ಕೆಲಸ. ಎಲ್ಲಾದರೂ ಒಂದು ಎಳೆ ಕಡಿದಿದ್ದರೆ ಬಟ್ಟೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ರೇಕು ಎಷ್ಟು ಸವೆದಿದೆ, ರಾಟೆ ಯಾವ ಪಕ್ಕದಲ್ಲಿ ತೇಯ್ದಿದೆ, ಬಾಗಿಲು ಮುಚ್ಚುವಾಗ ಯಾಕೆ ಒಂದು ಕ್ಷಣ ಯೋಚನೆ ಮಾಡುತ್ತದೆ, ಇದೆಲ್ಲ ಅವನಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಟ್ಟಡದವರು "ಎಲ್ಲಾ ಸರಿಯಾಗಿದೆ ಸಾರ್" ಅಂದಷ್ಟೂ ಅವನ ಕಿವಿ ನೆಟ್ಟಗಾಗುತ್ತದೆ. ಎಲ್ಲಾ ಸರಿಯಾಗಿರುವ ಯಂತ್ರವನ್ನು ಅವನು ಈ ಜನ್ಮದಲ್ಲಿ ನೋಡಿಲ್ಲ. ಇಂಥ ಕಸುಬಿನವನು ಸಂಜೆ ಮನೆಗೆ ಬಂದಾಗ ಅನುಮಾನವನ್ನು ಬೂಟಿನ ಜೊತೆ ಬಾಗಿಲಲ್ಲಿ ಬಿಟ್ಟು ಬರುತ್ತಾನೆಯೇ? ಒಳಗೇ ತರುತ್ತಾನೆ. ಅದಕ್ಕೇ ಅವನ ಅತ್ತೆ ಅವನಿಗೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟಿದ್ದು. ಅದೇ ಹೆಸರು ಮನೆಯವರ ಬಾಯಲ್ಲೆಲ್ಲ ನಿಂತುಬಿಟ್ಟಿತ್ತು.

ಮನೆಯಲ್ಲಿ ಅವನ ತಪಾಸಣೆಗೆ ದಿನಾಲೂ ಒಳಗಾಗುತ್ತಿದ್ದವಳು ಮಗಳು. ಒಂದು ವರ್ಷ ದಾಟಿ ಕೆಲವು ತಿಂಗಳಾಗಿದ್ದ ಗುಂಡುಗುಂಡಾದ ಮಗು. ಎಲ್ಲರೂ ಚೆಂಡಮ್ಮ ಎಂದು ಕರೆಯುತ್ತಿದ್ದರು. ಹಲ್ಲು ಬಂದಿತ್ತು, ಮಾತು ಅರ್ಧಂಬರ್ಧ ಬಂದಿತ್ತು, ಹಟ ಪೂರ್ತಿ ಬಂದಿತ್ತು. ನಡಿಗೆ ಮಾತ್ರ ಬಂದಿರಲಿಲ್ಲ. ಅಪ್ಪ ಎದುರಿಗೆ ಬಂದರೆ ಸಾಕು, ಇದ್ದಲ್ಲೇ ಕೂತು ಎರಡೂ ಕೈ ಮೇಲೆತ್ತುತ್ತಿದ್ದಳು. ಅವನು ಎತ್ತಿಕೊಳ್ಳುತ್ತಿದ್ದ. ಹಗಲೆಲ್ಲ ಗ್ರೀಸು, ಕಬ್ಬಿಣ, ಕತ್ತಲೆ ಎಂದು ಒದ್ದಾಡಿ ಬಂದವನಿಗೆ ಆ ಎತ್ತಿದ ಕೈಗಳಿಗಿಂತ ದೊಡ್ಡ ಸುಖ ಬೇರೆ ಇರಲಿಲ್ಲ, ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ. ಆದರೆ ಎತ್ತಿಕೊಂಡ ಮೇಲೆ ಅವಳ ಕಾಲನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದ. ಅಕ್ಕಪಕ್ಕದ ಮನೆಯ ಇದೇ ವಯಸ್ಸಿನ ಮಕ್ಕಳು ಓಡುತ್ತಿವೆ, ಇವಳು ಯಾಕೆ ನಡೆಯುತ್ತಿಲ್ಲ? ಈ ಪ್ರಶ್ನೆ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಮಕ್ಕಳ ಡಾಕ್ಟರ ಹತ್ತಿರ ಒಬ್ಬನೇ ಕರೆದುಕೊಂಡು ಹೋಗಿದ್ದ. ಅವರು ಕಾಲು ನೋಡಿ, ಸೊಂಟ ನೋಡಿ, ಕೊನೆಗೆ ಮಗುವನ್ನು ಬಿಟ್ಟು ಅಪ್ಪನನ್ನೇ ನೋಡಿ, "ಎಲ್ಲಾ ಸರಿಯಾಗಿದೆ" ಅಂದರು. ಆ ಮಾತನ್ನು ಅವನು ಎಷ್ಟರಮಟ್ಟಿಗೆ ನಂಬಿರಬಹುದು ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗಾಗಿ ಅವನ ಮನೆಯಲ್ಲಿ ಮೇಜಿನ ಮೂಲೆಗೆಲ್ಲ ಸ್ಪಂಜು, ಬಾಗಿಲ ಸಂದಿಗೆಲ್ಲ ರಬ್ಬರು, ನೆಲದ ಮೇಲೆ ಹಾಸಿಗೆಯಷ್ಟು ದಪ್ಪದ ಚಾಪೆ. ಚೆಂಡಮ್ಮ ಎಲ್ಲಿ ಬಿದ್ದರೂ ಪುಟಿಯಬೇಕು, ಹಾಗಿತ್ತು ವ್ಯವಸ್ಥೆ. ಇಷ್ಟಾದರೂ ಅವಳು ಕೂತಲ್ಲೇ ಸ್ವಲ್ಪ ವಾಲಿದರೆ ಸಾಕು, ಇವನು ಕೋಣೆಯ ಆ ತುದಿಯಿಂದ ಹಾರಿ ಬರುತ್ತಿದ್ದ.

ಇಂಥ ಮನೆಯಿಂದ ಮಂಜಿನ ಬೆಟ್ಟಕ್ಕೆ ಹೋಗುವುದೆಂದರೆ! ಕಾಲಿಗೆ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಬೇಕೆಂದೇ ಜಾರುವ ಜಾಗಕ್ಕೆ!

"ಮಗೂನ ಯಾರು ನೋಡ್ಕೊಳ್ತಾರೆ?" ಎಂದು ಕೇಳಿದ.

"ಅಮ್ಮ ಬರ್ತಾಳಲ್ಲ."

ಇದು ಎರಡನೆಯ ಅನುಮಾನಕ್ಕೆ ದಾರಿಯಾಯಿತು. ಅತ್ತೆ ಇವರ ಹಿಂದಿನ ಬೀದಿಯಲ್ಲಿದ್ದರು. ಇಡೀ ಆಯಸ್ಸು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತಿಯಾದ ಹೆಂಗಸು. ಹಗಲು ಹೊತ್ತು ಚೆಂಡಮ್ಮ ಅವರ ಹತ್ತಿರವೇ ಇರುತ್ತಿದ್ದಳು. ಬಸ್ಸಿನ ಬಾಗಿಲಲ್ಲಿ ನಿಂತು ನಿಂತು ಗಾಳಿ ಕುಡಿದದ್ದು ಸಾಕಾಗಿದೆ ಎಂದು ಬೇಸಿಗೆಯಲ್ಲೂ ಕಿಟಕಿ ಮುಚ್ಚಿಸುವವರು ಅವರು. ಅಂಥವರು ಈಗ ಮಂಜಿಗೆ ಹೊರಟಿದ್ದಾರೆ, ಅದೂ "ನಂಗೂ ಒಂದು ಜೊತೆ ಹಲಗೆ ಕಟ್ಸಿ ಅಳಿಯಂದ್ರೇ, ಒಂದು ಕೈ ನೋಡೇಬಿಡೋಣ" ಎಂದು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಬಂದಿತ್ತು, ಇಬ್ಬರೂ ನುಂಗಿಕೊಂಡರು. ನುಂಗಿದ್ದು ಇವನ ಕಣ್ಣಿಗೆ ಬಿತ್ತು.

ಆಮೇಲೆ ದಿನಾ ಸಂಜೆ ಊಟದ ಮೇಜಿನ ಮೇಲೆ ಪ್ರವಾಸದ ತಯಾರಿ. ಹೆಂಡತಿ ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ಬೈಂಡು ಹಾಕುವವಳು. ಯಾವುದನ್ನೇ ಆಗಲಿ ಮೂಲೆಗೆ ಮೂಲೆ ಕೂಡಿಸಿ ಇಡುವುದು ಅವಳ ಅಭ್ಯಾಸ. ಫೋನಿನಲ್ಲಿ ಲಾಡ್ಜು ತೋರಿಸಿದಳು, ಮಕ್ಕಳಿಗೆಂದೇ ಮಾಡಿದ ತಟ್ಟೆಯಷ್ಟು ಸಣ್ಣ ಇಳಿಜಾರು ತೋರಿಸಿದಳು, ಉಕ್ಕಿನ ಹಗ್ಗಕ್ಕೆ ಜೋತುಬಿದ್ದು ಅಲ್ಲಿಗೆ ಏರಿಹೋಗುವ ತೂಗುಕುರ್ಚಿ ತೋರಿಸಿದಳು. ಇವನು ತೂಗುಕುರ್ಚಿಯ ಹಗ್ಗವನ್ನು ಫೋಟೋದಲ್ಲೇ ದೊಡ್ಡದು ಮಾಡಿ ನೋಡಿದ. ಸಮಾಧಾನವಾಗದೆ ಲಾಡ್ಜಿಗೇ ಫೋನು ಹಚ್ಚಿ, ಹಗ್ಗ ಬದಲಾಯಿಸಿದ್ದು ಯಾವಾಗ, ಬ್ರೇಕು ಪರೀಕ್ಷೆ ಮಾಡುವವರು ಯಾರು ಎಂದು ಶುರು ಮಾಡಿದ. ಆ ಕಡೆಯ ಹುಡುಗಿ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, "ಸರ್, ನಿಮಗೆ ರೂಮು ಬೇಕಾ, ಕುರ್ಚಿ ಬೇಕಾ?" ಅಂದಳು.

ಇದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ ಹೆಂಡತಿ ಒಂದು ವಿಷಯದಲ್ಲಿ ಹಿಡಿದ ಪಟ್ಟು ಬಿಡಲಿಲ್ಲ.

"ನೀವೂ ಸ್ಕೀ ಕಟ್ಕೋಬೇಕು. ನಿಮಗೆ ಕ್ಲಾಸಿಗೂ ಹೇಳ್ಬಿಟ್ಟಿದ್ದೀನಿ."

"ನಂಗ್ಯಾಕೆ? ನಾನು ಮಗೂನ ಬೆನ್ನಿಗೆ ಕಟ್ಕೊಂಡು ಬೆಂಚಿನ ಮೇಲೆ ಕೂತಿರ್ತೀನಿ. ನೀವಿಬ್ರೂ ಎಷ್ಟು ಬೇಕೋ ಅಷ್ಟು ಜಾರ್ಕೊಳ್ಳಿ."

"ಅದೊಂದು ಆಗ್ಬಾರ್ದು" ಅಂದವಳು ನಾಲಿಗೆ ಕಚ್ಚಿಕೊಂಡು ಎದ್ದು ಒಲೆಯ ಹತ್ತಿರ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ.

ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚೀಲವೊಂದನ್ನು ಇವನು ಅಂಗಡಿಗೆ ಹೇಳಿ ತರಿಸುವ ಏರ್ಪಾಡು ಮಾಡಿದ್ದ. ಅದು ಬರಲೇ ಇಲ್ಲ. ವಿಚಾರಿಸಿದರೆ, "ನಿಮ್ಮ ಮನೆಯವ್ರೇ ಬೇಡ ಅಂದ್ರಲ್ಲ" ಎಂಬ ಉತ್ತರ ಬಂತು. ಯಾಕೆ ಬೇಡ ಅಂದೆ ಎಂದು ಹೆಂಡತಿಯನ್ನು ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾರೆ, ಗುಟ್ಟು ಇನ್ನೂ ಒಳಗೆ ಹೋಗುತ್ತದೆ. ಸುಮ್ಮನೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾ ಕೂತ.

ಕಣ್ಣು ಬಿಟ್ಟುಕೊಂಡು ಕೂತವನಿಗೆ ಏನು ತಾನೇ ಕಾಣುವುದಿಲ್ಲ? ಸಂಜೆ ಮಗುವನ್ನು ಕರೆತರಲು ಅತ್ತೆಯ ಮನೆಯ ಮೆಟ್ಟಿಲು ಹತ್ತುವಾಗ ಮೇಲಿನಿಂದ ಅವರ ಬಸ್ಸಿನ ಕಾಲದ ದನಿ ಕೇಳುತ್ತಿತ್ತು: "ರೈಟ್, ರೈಟ್... ಮುಂದೆ ಹೋಗಿ, ಒಳಗೆ ಜಾಗ ಇದೆ... ಹೋಲ್ಡಾನ್!" ಇವನು ಬಾಗಿಲು ತಟ್ಟಿದ ಕೂಡಲೇ ಎಲ್ಲ ಸ್ತಬ್ಧ. ಒಳಗೆ ಹೋದರೆ ಚೆಂಡಮ್ಮ ನೆಲದ ಮೇಲೆ ಕೂತಿರುತ್ತಿದ್ದಳು, ಅಜ್ಜಿ ಏದುಸಿರು ಬಿಡುತ್ತಿದ್ದರು. "ಹಳೇ ನೆನಪು ಅಳಿಯಂದ್ರೇ, ಮಗೂಗೆ ಕಥೆ ಹೇಳ್ತಿದ್ದೆ" ಅನ್ನುತ್ತಿದ್ದರು. ಕಥೆ ಹೇಳಿದರೆ ಯಾರಿಗಾದರೂ ಏದುಸಿರು ಬರುತ್ತದೆಯೇ? ಅವರ ಮನೆಯ ಮೇಜಿನ ಮೂಲೆಗಳಿಗೆ ಇವನೇ ಮೊಣಕಾಲೂರಿ ಅಂಟಿಸಿದ್ದ ಸ್ಪಂಜೂ ಮಾಯವಾಗಿತ್ತು. ಇನ್ನೊಂದು ಸಂಜೆ ಕೋಟು ತೆಗೆದುಕೊಳ್ಳಲು ಅಲ್ಲಿನ ಕಪಾಟು ತೆರೆದರೆ ಒಳಗೆ ಒಂದು ಜೊತೆ ಸ್ಕೀ ಹಲಗೆ. ಕೆಂಪು ಪ್ಲಾಸ್ಟಿಕ್ಕಿನವು, ಮೊಳದಷ್ಟೂ ಉದ್ದವಿಲ್ಲ. ನಡೆಯಲೂ ಬಾರದ ಮಗುವಿಗೆ ಸ್ಕೀ ಯಾಕೆ? ಅವನು ಕಪಾಟನ್ನು ಸದ್ದಾಗದಂತೆ ಮುಚ್ಚಿದ.

ಕೊನೆಗೆ ಸಿಕ್ಕಿದ್ದು ಬೂಟು. ಮಗುವಿನ ಕಾಲಿನಿಂದ ಬೂಟು ಬಿಚ್ಚುತ್ತಿದ್ದವನು ಅಭ್ಯಾಸಬಲದಿಂದ ಅದನ್ನು ಮಗುಚಿ ನೋಡಿದ. ಹಿಮ್ಮಡಿಯ ಹೊರ ಅಂಚು ಸವೆದಿತ್ತು. ತುದಿ ಉಜ್ಜಿ ಬೆಳ್ಳಗಾಗಿತ್ತು. ಸವೆತ ಎಂದರೆ ಇವನಿಗೆ ಓದಿದ ಅಕ್ಷರವಿದ್ದ ಹಾಗೆ. ಇದು ಹೊತ್ತುಕೊಂಡು ತಿರುಗಿದ ಬೂಟಲ್ಲ, ನಡೆದ ಬೂಟು, ಅದೂ ಚೆನ್ನಾಗಿ ನಡೆದದ್ದು. ಒಡನೆಯೇ ಮಗುವಿನ ಪ್ಯಾಂಟಿನ ಮೊಣಕಾಲು ನೋಡಿದ. ಅಂಬೆಗಾಲಿಡುವ ಮಗುವಿನ ಬಟ್ಟೆ ಅಲ್ಲೇ ಮೊದಲು ಹರಿಯಬೇಕು. ಇದು ಹೊಸದರ ಹಾಗೆ ಮಿರಿಮಿರಿ ಅನ್ನುತ್ತಿತ್ತು.

ಅವನ ತಲೆಯೊಳಗೆ ಹಲ್ಲಿನ ಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗಿದವು. ತನ್ನ ಮಗಳು ಈಗ ಅಂಬೆಗಾಲನ್ನೂ ಇಡುತ್ತಿಲ್ಲ. ಅವಳನ್ನು ಹಗಲೆಲ್ಲ ಎಲ್ಲೋ ಮೂಲೆಯಲ್ಲಿ ಕೂರಿಸಿದ್ದಾರೆ. ಅವಳ ಬೂಟು ಹಾಕಿಕೊಂಡು ಯಾರೋ ನಡೆಯುತ್ತಿದ್ದಾರೆ. ಅಂದರೆ ಆ ಮನೆಯಲ್ಲಿ ಇನ್ನೊಂದು ಮಗು ಇದೆ!

ನೀವು ನಗುತ್ತೀರಿ. ಬೇರೆಯವರ ಅನುಮಾನ ನೋಡಿ ನಗುವುದು ಸುಲಭ. ಆದರೆ ಅವನ ಜಾಗದಲ್ಲಿ ಕೂತು ನೋಡಿ, ಎಲ್ಲ ಹೇಗೆ ಹೊಂದಿಕೊಳ್ಳುತ್ತದೆ ಎಂದು. ಅತ್ತೆ ಯಾರದೋ ಮಗುವನ್ನು ನೋಡಿಕೊಳ್ಳಲು ಒಪ್ಪಿಕೊಂಡಿದ್ದಾರೆ, ಅಳಿಯ ಕೂಗಾಡುತ್ತಾನೆಂದು ಮುಚ್ಚಿಟ್ಟಿದ್ದಾರೆ. ಆ ಮಗು ಚೂಟಿ, ನಡೆಯುತ್ತದೆ, ಓಡುತ್ತದೆ, ಅಜ್ಜಿಗೆ ಅದರ ಹಿಂದೆ ಓಡಿ ಓಡಿ ಏದುಸಿರು. ಕೆಂಪು ಹಲಗೆ ಅದಕ್ಕೆ. ಮಂಜಿನ ಬೆಟ್ಟಕ್ಕೆ ಅದೂ ಬರುತ್ತದೆ, ಬಹುಶಃ ಅದರ ಅಪ್ಪ ಅಮ್ಮನೂ ಬರುತ್ತಾರೆ, ಎಲ್ಲ ಸೇರಿ ಜಾರುತ್ತಾರೆ. ಇವನ ಕಾಲಿಗೂ ಹಲಗೆ ಕಟ್ಟಿ ದೂರ ಸಾಗಹಾಕುತ್ತಾರೆ. ಚೆಂಡಮ್ಮ ಮಾತ್ರ ಲಾಡ್ಜಿನ ಯಾವುದೋ ಕೋಣೆಯಲ್ಲಿ ಕೈ ಮೇಲೆತ್ತಿಕೊಂಡು ಕೂತಿರುತ್ತಾಳೆ. ಎತ್ತಿಕೊಳ್ಳುವವರು ಇರುವುದಿಲ್ಲ. ಅವಳಿಗೆ ನಡಿಗೆ ಬರದಿರುವುದಕ್ಕೆ ಕಾರಣ ಅವಳ ಕಾಲಲ್ಲ, ನೋಡಿಕೊಳ್ಳುವವರ ಕಣ್ಣು! ಹೀಗೆ ಯೋಚಿಸುವಾಗ ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹೆಂಡತಿಯನ್ನೇ ನಂಬದ ಮೇಲೆ ಈ ಮಗುವಿಗೆ ತಾನೊಬ್ಬನೇ ದಿಕ್ಕು ಅನ್ನಿಸಿತು.

ಅವನ ಇಲಾಖೆಯಲ್ಲಿ ಒಂದು ಪದ್ಧತಿಯಿದೆ. ಮೊದಲೇ ತಿಳಿಸಿ ಹೋದ ತಪಾಸಣೆಯಲ್ಲಿ ಎಣ್ಣೆ ಹಚ್ಚಿದ ಲಿಫ್ಟು ಸಿಗುತ್ತದೆ. ನಿಜ ಬೇಕಾದರೆ ಹೇಳದೆ ಕೇಳದೆ ಹೋಗಬೇಕು. ಮಾರನೆಯ ದಿನ ಮಧ್ಯಾಹ್ನ, ಕಚೇರಿ ಕಟ್ಟಡವೊಂದರ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ, ಗ್ರೀಸು ಮೆತ್ತಿದ ಅದೇ ಬಟ್ಟೆಯಲ್ಲಿ ಅತ್ತೆಯ ಮನೆಗೆ ಹೊರಟ. ಅವರ ಕಟ್ಟಡದ ಲಿಫ್ಟು ಹತ್ತಲಿಲ್ಲ. ಆ ಲಿಫ್ಟಿನ ಬಾಗಿಲು ಕಿರುಗುಟ್ಟುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೆಟ್ಟಿಲನ್ನೇ ಹತ್ತಿದ, ತುದಿಗಾಲಲ್ಲಿ.

ನೆಲ ಒರೆಸಿ ಒಣಗಲಿ ಎಂದೋ ಏನೋ ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಚಪ್ಪಲಿಗಳ ನಡುವೆ ಹೆಂಡತಿಯ ಶೂ. ಈ ಹೊತ್ತಿನಲ್ಲಿ ಪ್ರೆಸ್ಸಿನಲ್ಲಿ ಇರಬೇಕಾದವಳು ಇಲ್ಲೇನು ಮಾಡುತ್ತಿದ್ದಾಳೆ? ಇಬ್ಬರೂ ಸೇರಿಯೇ ಇದ್ದಾರೆ ಹಾಗಾದರೆ. ಗೋಡೆಗೆ ಒರಗಿಕೊಂಡು ಒಂದು ಕಣ್ಣಿಗೆ ಎಷ್ಟು ಬೇಕೋ ಅಷ್ಟೇ ಮುಂದೆ ಬಾಗಿದ.

ಆ ಮನೆಗೆ ಬಾಗಿಲಿನಿಂದ ಅಡುಗೆಮನೆಯ ತನಕ ಉದ್ದಕ್ಕೆ ಓಣಿಯಂಥ ಒಂದು ಹಜಾರ. ಹೆಂಡತಿ ಅದರ ಆ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅತ್ತೆ ಗೋಡೆಗೆ ಆತು ನಿಂತಿದ್ದರು. ನಡುವೆ, ಇವನಿಗೆ ಬೆನ್ನು ಮಾಡಿಕೊಂಡು, ಒಂದು ಮಗು ನಡೆದು ಹೋಗುತ್ತಿತ್ತು.

ಸಿಕ್ಕಿಬಿದ್ದರು! ಇನ್ಸ್‌ಪೆಕ್ಟರನಿಗೆ ಒಂದು ಕ್ಷಣ ನಿಜಕ್ಕೂ ಸಮಾಧಾನವಾಯಿತು, ಕಡಿದ ಎಳೆಗೆ ಬಟ್ಟೆ ಸಿಕ್ಕಿಕೊಂಡಾಗ ಆಗುವಂಥ ಸಮಾಧಾನ. ಅಲ್ಲಿದೆ ಆ ಇನ್ನೊಂದು ಮಗು. ಹೊಟ್ಟೆ ಮುಂದೆ, ಕೈ ಎರಡೂ ಅಗಲ, ದೋಣಿಯಲ್ಲಿ ನಿಂತವರ ಹಾಗೆ ಅತ್ತಿತ್ತ ವಾಲಾಡುತ್ತಾ, ಆದರೆ ಎಲ್ಲೂ ನಿಲ್ಲದೆ ಹೋಗುತ್ತಿದೆ. ಯಾರದೋ ಏನೋ, ಗಟ್ಟಿ ಮಗು. ತನ್ನ ಮಗಳ ಬೂಟು ಹಾಕಿದ್ದಾರೆ. ತನ್ನ ಮಗಳ ಹಳದಿ ಸ್ವೆಟರನ್ನೂ ಹಾಕಿದ್ದಾರೆ, ಎಷ್ಟು ಧೈರ್ಯ! ಹಾಗಾದರೆ ತನ್ನ ಮಗಳೆಲ್ಲಿ? ಹಜಾರದಲ್ಲಿ ಇಲ್ಲ. ಪಕ್ಕದ ಕೋಣೆಯ ಬಾಗಿಲು ಮುಚ್ಚಿದೆ. ಅದರೊಳಗೆ ಒಬ್ಬಳನ್ನೇ ಹಾಕಿದ್ದಾರೆಯೇ? ಬಾಗಿಲು ತಳ್ಳಿ ನುಗ್ಗಬೇಕು ಅನ್ನುವಷ್ಟರಲ್ಲಿ ಮಗು ಮುಗ್ಗರಿಸಿ ಬಿತ್ತು.

ದೊಪ್ಪೆಂದು ಬಿತ್ತು. ಯಾರೂ ಅಲುಗಾಡಲಿಲ್ಲ. ಅಜ್ಜಿ ನಿಂತಲ್ಲೇ ನಿಂತರು, ಹೆಂಡತಿ ಕೂತಲ್ಲೇ ಕೂತಳು. ಬಿದ್ದ ಮಗು ಅಳಲು ಬಾಯಿ ತೆರೆದು, ತಡೆದು, ತಲೆಯೆತ್ತಿ ಸುತ್ತ ನೋಡಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ಆಗ ಅದರ ಮುಖದ ಒಂದು ಪಕ್ಕ ಇವನಿಗೆ ಕಾಣಿಸಿತು.

ಚೆಂಡಮ್ಮ.

ಅವನಿಗೆ ತನ್ನ ಮಗಳ ಗುರುತು ಸಿಕ್ಕಿರಲಿಲ್ಲ. ಹೇಗೆ ಸಿಗಬೇಕು? ಅವಳ ಮುಖ ಗೊತ್ತು, ನೆತ್ತಿ ಗೊತ್ತು, ಅಂಗಾಲಿನ ಗೆರೆ ಗೊತ್ತು. ಎದ್ದು ನಿಂತು ನಡೆದುಹೋಗುವ ಅವಳ ಬೆನ್ನನ್ನು ಅವನು ಹಿಂದೆಂದೂ ನೋಡಿರಲಿಲ್ಲ.

ಬಾಗಿಲ ಸಂದಿಯಲ್ಲಿದ್ದ ಅವನು ಮಗುವಿಗೆ ಕಾಣಲಿಲ್ಲ. ಅವಳು ಇನ್ನೊಮ್ಮೆ ಸುತ್ತ ನೋಡಿದಳು. ಯಾರನ್ನು ಹುಡುಕುತ್ತಿದ್ದಾಳೆಂದು ಅವನಿಗೆ ಗೊತ್ತಾಗಿಹೋಯಿತು. ಅಪ್ಪ ಇಲ್ಲವೆಂದು ಖಾತ್ರಿಯಾದ ಮೇಲೆ ಚೆಂಡಮ್ಮ ತೆರೆದ ಬಾಯಿ ಮುಚ್ಚಿದಳು, ಎರಡೂ ಅಂಗೈ ನೆಲಕ್ಕೆ ಊರಿದಳು, ಹಿಂಭಾಗ ಮೇಲೆತ್ತಿದಳು, ಒಂದು ಹೂಂಕಾರ ಹಾಕಿ ಎದ್ದು ನಿಂತಳು. ಹೋಗಿ ಅಮ್ಮನ ಮೂಗು ಹಿಡಿದಳು.

ಅವನು ಬಾಗಿಲು ತಳ್ಳಿಕೊಂಡು ಒಳಗೆ ಬಂದ. ಬಾಗಿಲ ಸದ್ದಿಗೆ ಮೂವರೂ ತಿರುಗಿದರು. ಮಗುವಿನ ಮುಖ ಅರಳಿತು. ಅರಳಿದ ಮುಖದಲ್ಲೇ ಅವಳು ಧಪ್ಪೆಂದು ನೆಲಕ್ಕೆ ಕೂತು ಎರಡೂ ಕೈ ಮೇಲೆತ್ತಿದಳು.

"ನೋಡಿದ್ರಾ?" ಎಂದಳು ಹೆಂಡತಿ. ಕೋಪವಿರಲಿಲ್ಲ ದನಿಯಲ್ಲಿ, ಸುಸ್ತಿತ್ತು.

"ಎಷ್ಟು ದಿನದಿಂದ?" ಎಂದ ಅವನು. "ಎಷ್ಟು ದಿನದಿಂದ ನಡೀತಿದೆ ಈ ನಾಟಕ? ನಾನು ಇವಳ ಕಾಲು ಸರಿಯಿಲ್ಲ ಅಂತ ಡಾಕ್ಟರ ಹತ್ರ ಹೋಗಿ ಬಂದೆ. ಆಗ್ಲೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ ನೀನು!"

"ಡಾಕ್ಟರಿಗೆ ಮೊದ್ಲೇ ಫೋನ್ ಮಾಡಿ ಹೇಳಿದ್ದೆ. ಅವರೇ ನಿಮಗೆ ಹೇಳ್ಲಿ ಅಂತ. ಅವರೂ ಹೇಳಿದ್ರಲ್ಲ, ಎಲ್ಲಾ ಸರಿಯಾಗಿದೆ ಅಂತ."

"ಅದನ್ನ ಯಾರು ನಂಬ್ತಾರೆ?"

"ಅದೇ ಮತ್ತೆ. ಯಾರು ನಂಬ್ತಾರೆ?" ಹೆಂಡತಿ ಎದ್ದು ನಿಂತಳು. "ಮೊದಲನೇ ಸಲ ನಡೆದಾಗ ನಾನು ಕೂಗಿ ಕರೆದಿದ್ದು ನಿಮ್ಮನ್ನೇ ರೀ. ಮೈಗೆ ಹಚ್ಚಿದ ಸೋಪು ಹಾಗೇ ಇಟ್ಕೊಂಡು ಓಡಿ ಬಂದ್ರಿ, ಹಿಡ್ಕೋ ಹಿಡ್ಕೋ ಬೀಳ್ತಾಳೆ ಅಂತ ಕಿರುಚಿ ಗಾಳೀಲೇ ಕಸ್ಕೊಂಡ್ರಿ. ಮಗು ಬೆಚ್ಚಿಬಿದ್ದು ಎಷ್ಟು ಅತ್ತಿತು! ಅವಳು ನಡೀಲಿಲ್ಲ, ಮುಗ್ಗರಿಸಿದಳು ಅಂತ ನನಗೇ ತಿರುಗಿ ಹೇಳಿದ್ರಿ. ಆವತ್ತಿಂದ ನಿಮ್ಮ ಎದುರಿಗೆ ಎದ್ದು ನಿಂತಿಲ್ಲ ಅವಳು. ನಿಮ್ಮನ್ನ ನೋಡಿದ್ರೆ ಕೂತ್ಬಿಡ್ತಾಳೆ. ಅವಳು ನಡೆಯೋದನ್ನ ನೋಡ್ಬೇಕಾದ್ರೆ ನಾನು ಊಟದ ಬಿಡುವಲ್ಲಿ ಇಲ್ಲಿಗೆ ಓಡಿ ಬರ್ಬೇಕು. ನಡಿಯೋದು ಅಪ್ಪನಿಗೆ ಇಷ್ಟ ಇಲ್ಲ ಅಂತ ಅಂದ್ಕೊಂಡಿದ್ದಾಳೆ."

ಅವನು ಮಗುವಿನ ಬೂಟಿನ ಸವೆದ ತುದಿಯನ್ನು ನೋಡಿದ.

ಅತ್ತೆ ಗಂಟಲು ಸರಿಮಾಡಿಕೊಂಡರು. "ಅಳಿಯಂದ್ರೇ, ಬಸ್ಸಲ್ಲಿ ನಾನು ಎಷ್ಟೊಂದು ಜನರನ್ನ ನೋಡಿದ್ದೀನಿ. ಹಿಡ್ಕೊಳ್ಳೋಕೆ ಕಂಬಿ ಬೇಕು, ಇಲ್ಲ ಅನ್ನಲ್ಲ. ಆದ್ರೆ ಯಾವ ಬಸ್ಸಲ್ಲೂ ಕಂಬಿ ಪ್ರಯಾಣಿಕರ ಹಿಂದೆ ಓಡೋದನ್ನ ಕಾಣೆ."

"ಅದಕ್ಕೇನಾ ಈ ಮಂಜು, ಬೆಟ್ಟ ಎಲ್ಲ?" ಎಂದ ಅವನು.

"ಅದಕ್ಕೇ" ಎಂದಳು ಹೆಂಡತಿ. ಇಷ್ಟು ದಿನ ವಾಷಿಂಗ್ ಮಷೀನಿಗೆ ಹೇಳಿದ್ದನ್ನು ಈಗ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. "ಅಲ್ಲಿ ಎಲ್ರೂ ಬೀಳ್ತಾರೆ. ಮೀಸೆ ಬಂದವರು, ಹಲ್ಲು ಬಿದ್ದವರು, ಎಲ್ಲ ಬಿದ್ದು ನಕ್ಕು ಎದ್ದು ಹೋಗ್ತಾರೆ. ನೆಲ ಮೆತ್ತಗಿರುತ್ತೆ. ಮತ್ತೆ ನಿಮ್ಮ ಕಾಲಿಗೆ ಅಷ್ಟುದ್ದ ಹಲಗೆ ಕಟ್ಟಿರ್ತಾರೆ. ಇವಳು ಬಿದ್ರೆ ನೀವು ಓಡೋಕಾಗಲ್ಲ. ನೀವು ತಿರುಗಿಕೊಂಡು, ಜಾರಿ, ಬಿದ್ದು, ಎದ್ದು ಬಂದು ತಲುಪೋದ್ರೊಳಗೆ ಅವಳು ತಾನೇ ಎದ್ದಿರ್ತಾಳೆ. ಅದನ್ನ ನೀವು ದೂರದಿಂದ ಒಂದೇ ಒಂದ್ಸಲ ನೋಡ್ಲಿ ಅಂತ. ಅಷ್ಟೇ ರೀ ನನ್ನ ಪ್ಲಾನು."

ಅನುಮಾನ ಪೂರ್ತಿ ಸುಳ್ಳಾಗಿದ್ದರೆ ಅವನು ನಾಚಿಕೊಂಡು ಸುಮ್ಮನಾಗುತ್ತಿದ್ದ. ಅದು ನಿಜವೇ ಆಗಿತ್ತು. ಅವರು ನಿಜವಾಗಿಯೂ ಅವನ ಬೆನ್ನ ಹಿಂದೆ ಸಂಚು ಮಾಡಿದ್ದರು, ನಿಜವಾಗಿಯೂ ಅವನನ್ನು ಮಗುವಿನಿಂದ ದೂರ ನಿಲ್ಲಿಸಲು ಹೊರಟಿದ್ದರು. ಎಲ್ಲ ಎಳೆಗಳನ್ನೂ ಅವನು ಸರಿಯಾಗಿಯೇ ಹಿಡಿದಿದ್ದ, ಆದರೆ ಅವೆಲ್ಲ ಬಂದು ಸೇರಿದ್ದು ಮಗುವನ್ನು ಬೀಳಲು ಬಿಡದ ಅವನ ಕೈಗೇ. ಅವನಿಗೆ ಅವಮಾನವಾಯಿತು, ಸಿಟ್ಟು ಬಂತು. ಅದೆಲ್ಲದರ ಅಡಿಯಲ್ಲಿ ಒಂದು ದುಃಖ ಬಂತು. ತಾನಿಲ್ಲದ ಕಡೆಯಲ್ಲೆಲ್ಲ ಅವಳು ನಡೆದಾಡಿದ್ದಾಳೆ.

ಚೆಂಡಮ್ಮ ಇನ್ನೂ ಕೈ ಎತ್ತಿಕೊಂಡೇ ಇದ್ದಳು. "ಅಪ್ಪಾ" ಎಂದಳು. ಎಷ್ಟು ಹೊತ್ತಾದರೂ ಎತ್ತಿಕೊಳ್ಳದ ಈ ಅಪ್ಪನ ಪರಿಚಯ ಅವಳಿಗಿರಲಿಲ್ಲ. ತುಟಿ ಮುಂದೆ ಬಂತು, ಗಲ್ಲ ನಡುಗಿತು.

ಅವನ ತೋಳುಗಳು ತಾವಾಗಿಯೇ ಮುಂದೆ ಹೋದವು. ಅವನು ಅವುಗಳನ್ನು ಹಿಂದಕ್ಕೆಳೆದುಕೊಂಡ. ಬಾಗಿಲ ಕಡೆಗೆ ಬೆನ್ನು ಮಾಡಿಕೊಂಡು ಅವಳೆದುರು ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ. ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದುಮಿ ಹಿಡಿದ. ಚೆಂಡಮ್ಮ ಅತ್ತಳು. ಸಣ್ಣ ಅಳುವಲ್ಲ, ಮೋಸ ಹೋದವರ ಅಳು. ಕೆಂಪಗಾಗಿ, ಕಣ್ಣು ಮುಚ್ಚಿ, ಮನೆ ಹಾರಿಹೋಗುವ ಹಾಗೆ ಅತ್ತಳು. ಹೆಂಡತಿ ಒಂದು ಹೆಜ್ಜೆ ಮುಂದಿಟ್ಟಳು, ತಾನೇ ನಿಂತಳು. ಅವನ ಕಣ್ಣಲ್ಲೂ ನೀರು ತುಂಬಿತು. ಒರೆಸಿಕೊಳ್ಳಲು ಕೈ ತೆಗೆಯಬೇಕು, ತೆಗೆದರೆ ಅದು ಎಲ್ಲಿಗೆ ಹೋಗುತ್ತದೆಂದು ಅವನಿಗೇ ನಂಬಿಕೆಯಿರಲಿಲ್ಲ. ಹಾಗೇ ಬಿಟ್ಟ.

"ಬಾ ಮಗಳೇ" ಎಂದ. "ಬಿದ್ರೆ ಬೀಳು. ಬಾ."

ಅಳು ನಿಂತಿತು. ಅವಳು ಒಂದು ಕಣ್ಣು ತೆರೆದು ಅಪ್ಪನನ್ನು ನೋಡಿದಳು. ಏನೋ ಇದೆ ಇದರಲ್ಲಿ ಎಂಬಂತೆ ಬಹಳ ಹೊತ್ತು ನೋಡಿದಳು. ಅನುಮಾನ ಅಪ್ಪನ ಕಡೆಯಿಂದ ಬಂದದ್ದು, ಅದರಲ್ಲೇನೂ ಆಶ್ಚರ್ಯವಿಲ್ಲ. ಆಮೇಲೆ ಅಂಗೈ ಊರಿದಳು, ಹಿಂಭಾಗ ಎತ್ತಿದಳು, ಅವನ ಕಣ್ಣೆದುರಿಗೇ ಎದ್ದು ನಿಂತಳು.

ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಬಂದಳು. ಅವನ ಎದೆಗೆ ಬಂದು ಬೀಳುತ್ತಾಳೆ ಅಂದುಕೊಂಡ. ಬೀಳಲಿಲ್ಲ. ಹತ್ತಿರ ಬಂದು, ಸೋಫಾದ ಅಂಚನ್ನು ಹಿಡಿಯುವ ಹಾಗೆ ಅವನ ತಲೆಯ ಮೇಲೆ ಒಂದು ಕೈಯಿಟ್ಟಳು, ಕೂದಲು ಹಿಡಿದು ತಿರುವು ತೆಗೆದುಕೊಂಡಳು, ಅವನ ಕಿವಿಯನ್ನು ಒಮ್ಮೆ ಜಗ್ಗಿ, ಅವನನ್ನು ದಾಟಿ ಮುಂದೆ ಹೋದಳು.

ಬಾಗಿಲು ತೆರೆದೇ ಇತ್ತು. ಅದರಾಚೆ ಮೆಟ್ಟಿಲು. ಅತ್ತೆ ಅವಸರವಿಲ್ಲದೆ ಅವನ ಪಕ್ಕದಿಂದ ಹಾದು ಹೋಗಿ ಹೊರಗೆ ಮೆಟ್ಟಿಲಿಗೆ ಅಡ್ಡ ನಿಂತರು. ಅವನಿಗೆ ಅದು ಗೊತ್ತಾಯಿತು, ಆದರೂ ಬೆನ್ನಿನ ಒಂದೊಂದು ಮೂಳೆಯೂ ತಿರುಗು ತಿರುಗು ಅನ್ನುತ್ತಿತ್ತು. ಪುಟ್ಟ ಬೂಟುಗಳ ಸದ್ದು ಅವನ ಬೆನ್ನ ಹಿಂದೆ ದೂರವಾಗುತ್ತಿತ್ತು. ಹೊಸ್ತಿಲ ಹತ್ತಿರ ಇರಬಹುದು. ಸದ್ದು ತಡವರಿಸಿತು. ಆಮೇಲೆ ದೊಪ್ಪೆಂದು ಬಿದ್ದ ಶಬ್ದ.

ಅವನು ತಿರುಗಲಿಲ್ಲ. ಹೆಂಡತಿ ಅವನ ಭುಜದ ಮೇಲಿನಿಂದ ಬಾಗಿಲ ಕಡೆ ನೋಡುತ್ತಿದ್ದಳು. ಅವನು ಅವಳ ಮುಖವನ್ನೇ ನೋಡುತ್ತಾ, ಉಸಿರು ಬಿಡದೆ, ತನ್ನ ಕೈಗಳ ಮೇಲೆ ತನ್ನ ಭಾರವನ್ನೆಲ್ಲ ಹಾಕಿ ಕೂತ. ಅಳು ಕೇಳಿಸಲಿಲ್ಲ. ಏನೂ ಕೇಳಿಸಲಿಲ್ಲ. ಅವಳು ಸುತ್ತ ನೋಡುತ್ತಿರಬೇಕು, ತನ್ನ ಬೆನ್ನನ್ನು ನೋಡುತ್ತಿರಬೇಕು.

ಸ್ವಲ್ಪ ಹೊತ್ತಿಗೆ ಹೂಂಕಾರ ಕೇಳಿಸಿತು. ಆಮೇಲೆ ಬೂಟಿನ ಸದ್ದು ಮತ್ತೆ ಶುರುವಾಯಿತು.